ಚಿತ್ರಹಿಂಸೆಯ ಲೆಕ್ಕ ಕೇಳುವವರು ಯಾರು?

(ಕಾರ್ಮಿಕರ ಅಭ್ಯಾಸ ಕೂಟದಲ್ಲಿ ಮಾಡಿದ ಭಾಷಣದ ಪಾಠ)



ಪಾಳಿ ಮುಗಿಸಿ, ಅಂಗಡಿಯ ಬಾಗಿಲು ಹಾಕಿ ಬಂದು ಕುಳಿತಿದ್ದೀರಿ. ನಿಮಗೆ ಇಂದು ದೂರದ ದೇಶದ ಒಬ್ಬ ಸಾಮಾನ್ಯ ಮನುಷ್ಯನ ಸಂಗತಿ ಹೇಳಬೇಕೆಂದಿದ್ದೇವೆ. ಅವನು ಮಂತ್ರಿಯಲ್ಲ, ಸೇನಾಪತಿಯಲ್ಲ. ಜರ್ಮನಿಯಲ್ಲಿ ಮೋಟಾರು ಕಾರು ಮಾರುವ ಕೆಲಸ ಮಾಡಿ ಹೆಂಡತಿ ಮಕ್ಕಳನ್ನು ಸಾಕಿದವನು. ಹೆಸರು ಖಾಲಿದ್ ಎಲ್-ಮಸ್ರಿ. ಮನೆತನ ಲೆಬನಾನಿನದು, ಪೌರತ್ವ ಜರ್ಮನಿಯದು.

ನಾಲ್ಕು ದಿನದ ವಿಶ್ರಾಂತಿಗೆಂದು ಅವನು ಬಸ್ಸು ಹತ್ತಿ ಮ್ಯಾಸಿಡೋನಿಯಾ ದೇಶಕ್ಕೆ ಹೊರಟ. 2003ರ ಡಿಸೆಂಬರ್ 31ರಂದು ಗಡಿಯಲ್ಲಿ ಪೋಲೀಸರು ಅವನನ್ನು ಬಸ್ಸಿನಿಂದ ಇಳಿಸಿಕೊಂಡರು. ಮಾಡಿದ ತಪ್ಪೇನು? ಅವನ ಹೆಸರನ್ನೇ ಹೋಲುವ ಹೆಸರಿನ ಇನ್ನೊಬ್ಬನ ಮೇಲೆ ಅಮೇರಿಕದ ಗುಪ್ತಚರ ಇಲಾಖೆ ಸಿ.ಐ.ಎ.ಗೆ ಕಣ್ಣಿತ್ತು, ಅಷ್ಟೇ. ಠಾಣೆಯಲ್ಲಿಟ್ಟರೆ ದಾಖಲೆ ಬರೆಯಬೇಕಾಗುತ್ತದಲ್ಲ, ಆದ್ದರಿಂದ ರಾಜಧಾನಿ ಸ್ಕೋಪ್ಯೆಯ ಒಂದು ಹೋಟೆಲಿನ ಕೋಣೆಯಲ್ಲಿ 23 ದಿನ ಕೂಡಿಟ್ಟರು. ದಸ್ತಗಿರಿಯ ವಾರಂಟಿಲ್ಲ, ವಕೀಲನಿಲ್ಲ, ಮನೆಗೊಂದು ಸುದ್ದಿಯೂ ಇಲ್ಲ.

2004ರ ಜನವರಿ 23ರಂದು ವಿಮಾನ ನಿಲ್ದಾಣಕ್ಕೆ ಒಯ್ದು ಸಿ.ಐ.ಎ.ಯವರ ಕೈಗೆ ಒಪ್ಪಿಸಿದರು. ಮುಸುಕು ಹಾಕಿದವರು ಅವನನ್ನು ಬಡಿದರು, ಬಟ್ಟೆ ಕತ್ತರಿಸಿ ಬೆತ್ತಲೆ ಮಾಡಿದರು, ಸಭೆಯಲ್ಲಿ ಬಾಯಿಬಿಟ್ಟು ಹೇಳಲಾಗದ್ದನ್ನೂ ಮಾಡಿದರು. ಕೂಸಿಗೆ ಕಟ್ಟುವಂತೆ ಬಟ್ಟೆ ಕಟ್ಟಿ, ತಲೆಗೆ ಚೀಲ ಹಾಕಿ, ಸರಪಳಿ ಬಿಗಿದು, ವಿಮಾನದಲ್ಲಿ ಕೆಡವಿಕೊಂಡು ಅಫಘಾನಿಸ್ತಾನಕ್ಕೆ ಹೊತ್ತೊಯ್ದರು. ಕಾಬೂಲಿನ ಹತ್ತಿರದ ಕತ್ತಲೆಯ ಜೈಲಿನಲ್ಲಿ ನಾಲ್ಕು ತಿಂಗಳು. ಅವನು 37 ದಿನ ಅನ್ನ ಬಿಟ್ಟ. ಮೂಗಿಗೆ ಕೊಳವೆ ತೂರಿಸಿ ಬಲವಂತದಿಂದ ಉಣಿಸಿದರು. ಕೊನೆಗೆ ಆಳು ತಪ್ಪಿದೆ ಎಂಬುದು ಅವರಿಗೇ ಖಚಿತವಾಯಿತು. ಆಗಲಾದರೂ ತಪ್ಪಾಯಿತೆಂದು ಮನೆಗೆ ಮುಟ್ಟಿಸಿದರೆ? ಇಲ್ಲ. ಮೇ 28ರಂದು ಅಲ್ಬೇನಿಯಾದ ಗುಡ್ಡದ ದಾರಿಯೊಂದರಲ್ಲಿ, ರಾತ್ರಿಯ ಹೊತ್ತಿನಲ್ಲಿ, ಇಳಿಸಿ ಹೋದರು. ಊರಿಗೆ ಬಂದರೆ ಮನೆ ಖಾಲಿ. ಗಂಡ ಬಿಟ್ಟು ಹೋದನೆಂದು ತಿಳಿದು ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಲೆಬನಾನಿಗೆ ಹೋಗಿದ್ದಳು.

ಅವನ ಮಾತನ್ನು ಮೊದಲು ಯಾರು ನಂಬಬೇಕು? ಆ ಮನುಷ್ಯ ತನ್ನ ಪಾಡಿಗೆ ತಾನು ಗಡಿ ದಾಟಿ ಹೋದ ಎಂದು ಮ್ಯಾಸಿಡೋನಿಯಾ ಸರಕಾರ ಸಾಧಿಸಿತು. ಜರ್ಮನಿಯಲ್ಲಿ ಅವನ ತಲೆಗೂದಲನ್ನು ಪರೀಕ್ಷೆ ಮಾಡಿದರು. ಅವನು ದಕ್ಷಿಣ ಏಷ್ಯಾದ ಕಡೆಯ ನೀರು ಕುಡಿದದ್ದೂ, ಬಹುಕಾಲ ಅನ್ನವಿಲ್ಲದೆ ಇದ್ದದ್ದೂ ಆ ಕೂದಲಿನ ಪರೀಕ್ಷೆಗೆ ಹೊಂದಿಕೆಯಾಗಿತ್ತು. ವಿಮಾನದ ಹಾರಾಟದ ದಾಖಲೆ ಸಿಕ್ಕಿತು. ಆ ಕಾಲದಲ್ಲಿ ಮ್ಯಾಸಿಡೋನಿಯಾದ ಗೃಹಮಂತ್ರಿಯಾಗಿದ್ದವನೇ ಮುಂದೆ ನಿಜ ಸಂಗತಿಯನ್ನು ಬರೆದುಕೊಟ್ಟ. ಇಷ್ಟೆಲ್ಲ ಕೂಡಿಬರುವುದಕ್ಕೆ ವರ್ಷಗಳೇ ಹಿಡಿದವು.

ಇನ್ನು ನ್ಯಾಯಾಲಯಗಳ ಸಂಗತಿ. ಅಮೇರಿಕದಲ್ಲಿ ದಾವೆ ಹೂಡಿದ. ಇದು ರಾಜ್ಯದ ಗುಟ್ಟು, ಕೋರ್ಟಿನಲ್ಲಿ ಬಿಚ್ಚುವಂತಿಲ್ಲ ಎಂದಿತು ಸರಕಾರ. ಕೆಳಗಿನ ಕೋರ್ಟುಗಳು ಆ ಮಾತಿಗೆ ತಲೆಬಾಗಿದವು. 2007ರ ಅಕ್ಟೋಬರಿನಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಮೊಕದ್ದಮೆಯನ್ನು ಕೈಗೆ ತೆಗೆದುಕೊಳ್ಳಲೇ ಒಪ್ಪಲಿಲ್ಲ. ಅದೇ ವರ್ಷ ಮ್ಯೂನಿಕ್ ನಗರದ ನ್ಯಾಯಾಲಯ 13 ಮಂದಿ ಸಿ.ಐ.ಎ. ನೌಕರರ ಮೇಲೆ ವಾರಂಟು ಹೊರಡಿಸಿತು, ಆದರೆ ಅವರನ್ನು ಒಪ್ಪಿಸಿರೆಂದು ಅಮೇರಿಕವನ್ನು ಕೇಳುವ ಧೈರ್ಯ ಜರ್ಮನ್ ಸರಕಾರಕ್ಕೆ ಬರಲಿಲ್ಲ.

ತೆರೆದ ಬಾಗಿಲು ಒಂದೇ ಒಂದು. ಯುರೋಪಿನ ಮಾನವ ಹಕ್ಕುಗಳ ಒಡಂಬಡಿಕೆಗೆ ಮ್ಯಾಸಿಡೋನಿಯಾ ರುಜು ಹಾಕಿತ್ತು. ಸ್ಟ್ರಾಸ್‌ಬುರ್ಗಿನ ನ್ಯಾಯಾಲಯದ 17 ನ್ಯಾಯಾಧೀಶರು 2012ರ ಡಿಸೆಂಬರ್ 13ರಂದು ಒಮ್ಮತದಿಂದ ತೀರ್ಪಿತ್ತರು: ವಿಮಾನ ನಿಲ್ದಾಣದಲ್ಲಿ ನಡೆದದ್ದು ಚಿತ್ರಹಿಂಸೆ; ಕೈಮಾಡಿದವರು ಪರದೇಶದವರಾದರೂ ಅವರಿಗೆ ಒಪ್ಪಿಸಿಕೊಟ್ಟ ಸರಕಾರ ಹೊಣೆ. 60,000 ಯೂರೋ ಪರಿಹಾರ ಕೊಡಬೇಕು. 2018ರಲ್ಲಿ ಆ ದೇಶ ಅವನ ಕ್ಷಮೆಯನ್ನೂ ಕೇಳಿತು.

ನೀವು ಕೇಳುತ್ತೀರಿ, ನಾವೂ ನಮ್ಮನ್ನೇ ಕೇಳಿಕೊಂಡಿದ್ದೇವೆ: ಬಡಿದವನು ದೊಡ್ಡಣ್ಣ, ದಂಡ ತೆತ್ತವನು ಬಾಗಿಲು ತೆರೆದ ಜವಾನ, ಇದೆಂಥ ನ್ಯಾಯ? ಅರೆ ನ್ಯಾಯವೇ ಸರಿ. ಆದರೆ ಜವಾನ ದಂಡ ತೆತ್ತ ಮೇಲೆ ಮುಂದಿನ ಸಲ ಬಾಗಿಲು ತೆರೆಯಲು ಹಿಂದೆಮುಂದೆ ನೋಡುತ್ತಾನೆ. ಗುಪ್ತ ಜೈಲಿಗೆ ಜಾಗ ಕೊಟ್ಟದ್ದಕ್ಕೆ 2014ರಲ್ಲಿ ಪೋಲೆಂಡು, 2018ರಲ್ಲಿ ರುಮೇನಿಯಾ ಮತ್ತು ಲಿಥುವೇನಿಯಾ ಇದೇ ನ್ಯಾಯಾಲಯದ ಮುಂದೆ ತಪ್ಪಿತಸ್ಥರಾದವು. ಅಫಘಾನಿಸ್ತಾನ ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯದ ಸದಸ್ಯ ದೇಶ. ಆ ಒಂದು ಎಳೆ ಹಿಡಿದೇ 2020ರಲ್ಲಿ ಸಿ.ಐ.ಎ.ಯ ಕೃತ್ಯಗಳ ವಿಚಾರಣೆಗೂ ಅನುಮತಿ ದೊರೆಯಿತು. ಅಮೇರಿಕ ಏನು ಮಾಡಿತು? ಆ ನ್ಯಾಯಾಲಯದ ಅಭಿಯೋಜಕಿಯ ಮೇಲೆಯೇ ನಿರ್ಬಂಧ ಹೇರಿತು. ನಿರ್ಬಂಧವೇನೋ 2021ರಲ್ಲಿ ತೆಗೆದರು. ಆದರೆ ಅದೇ ವರ್ಷ ಹೊಸ ಅಭಿಯೋಜಕರು ಅಮೇರಿಕದವರ ಪಾಲಿನ ತನಿಖೆಯನ್ನು ಹಿಂದಕ್ಕೆ ಸರಿಸಿದರು. ಹೆದರಿಕೆಗೆ ಎಂಥ ಬಲ ನೋಡಿ!

ಬಾಂಬು ಹಾಕುವವರ ಮೇಲೆ ಕನಿಕರವೇಕೆ ಎಂದು ಅಂಗಡಿ ಬೀದಿಯ ಗೆಳೆಯರೊಬ್ಬರು ನಮ್ಮನ್ನು ಕೇಳಿದ್ದರು. ಕೇಳತಕ್ಕ ಪ್ರಶ್ನೆಯೇ. ಅಮೇರಿಕದ ಸೆನೆಟಿನ ಸಮಿತಿಯೇ 2014ರಲ್ಲಿ ಪ್ರಕಟಿಸಿದ ವರದಿಯಂತೆ ಸಿ.ಐ.ಎ. ಹಿಡಿದಿಟ್ಟ 119 ಮಂದಿಯಲ್ಲಿ ಕನಿಷ್ಠ 26 ಮಂದಿಯನ್ನು ಹಿಡಿಯಲು ಅದರ ಸ್ವಂತ ನಿಯಮದ ಪ್ರಕಾರವೂ ಆಧಾರವಿರಲಿಲ್ಲ. ಉಳಿದವರ ಮಾತೇನು? ಪೋಲೆಂಡಿನ ಮೊಕದ್ದಮೆಯಲ್ಲಿ ಗೆದ್ದ ಒಬ್ಬನ ಮೇಲೆ 2000ದಲ್ಲಿ ಯುದ್ಧ ಹಡಗು ಒಡೆದು 17 ನಾವಿಕರನ್ನು ಕೊಂದ ಆರೋಪವಿದೆ. ಅವನಿಗೂ ಪರಿಹಾರ ಕೊಡಿಸಿತು ನ್ಯಾಯಾಲಯ. ಆರೋಪ ವಿಚಾರಣೆಯಾಗಲಿ, ರುಜುವಾತಾದರೆ ಶಿಕ್ಷೆಯೂ ಆಗಲಿ. ಹಿಂಸೆಗೆ ಅಲ್ಲಿ ಎಡೆಯೆಲ್ಲಿ? 1984ರ ವಿಶ್ವಸಂಸ್ಥೆಯ ಒಪ್ಪಂದವಂತೂ ಯುದ್ಧ ಬಂದರೂ, ತುರ್ತು ಪರಿಸ್ಥಿತಿ ಬಂದರೂ ಚಿತ್ರಹಿಂಸೆಗೆ ವಿನಾಯಿತಿಯಿಲ್ಲವೆಂದು ಬರೆದಿಟ್ಟಿದೆ.

ತುರ್ತು ಪರಿಸ್ಥಿತಿ ಎಂದೊಡನೆ ನಮ್ಮ ಬೆಂಗಳೂರು ನೆನಪಾಗದೆ ಇರುತ್ತದೆಯೇ? 1976ರ ಮೇ ತಿಂಗಳಲ್ಲಿ ಪೋಲೀಸರು ಲಾರೆನ್ಸ್ ಫರ್ನಾಂಡಿಸರನ್ನು ಹಿಡಿದೊಯ್ದು, ಅಣ್ಣ ಜಾರ್ಜ್ ಎಲ್ಲಿದ್ದಾನೆ ಹೇಳು ಎಂದು ನಡೆಯಲಾಗದಂತೆ ಬಡಿದರು. ಉಬ್ಬಸದ ರೋಗಿಯಾಗಿದ್ದ ಸ್ನೇಹಲತಾ ರೆಡ್ಡಿಯವರು ತಿಂಗಳುಗಟ್ಟಲೆ ಬೆಂಗಳೂರಿನ ಜೈಲಿನಲ್ಲಿದ್ದು, ಬಿಡುಗಡೆಯಾದ ಕೆಲವೇ ದಿನಗಳಲ್ಲಿ, 1977ರ ಜನವರಿಯಲ್ಲಿ ತೀರಿಕೊಂಡರು. ಜಾರ್ಜ್ ಸೆರೆಸಿಕ್ಕಾಗ ಅವರ ಜೀವಕ್ಕೆ ಅಪಾಯವಾಗಬಾರದೆಂದು ಆಮ್ನೆಸ್ಟಿ ಸಂಸ್ಥೆಯವರು ದೆಹಲಿಗೆ ತಂತಿ ಕಳಿಸಿದ್ದರು. ಹೊರಗಿನವರ ಕಣ್ಣು ನಮ್ಮವರ ಮೇಲೂ ಒಮ್ಮೆ ನೆಟ್ಟಿತ್ತು.

ಆ ವಿಶ್ವಸಂಸ್ಥೆಯ ಒಪ್ಪಂದಕ್ಕೆ ಭಾರತ 1997ರ ಅಕ್ಟೋಬರಿನಲ್ಲಿ ರುಜು ಹಾಕಿತು. ಅನುಮೋದನೆ ಇಂದಿಗೂ ಆಗಿಲ್ಲ. ಚಿತ್ರಹಿಂಸೆ ತಡೆಯುವ ಮಸೂದೆಯನ್ನು ಲೋಕಸಭೆ 2010ರಲ್ಲಿ ಒಪ್ಪಿತು. ರಾಜ್ಯಸಭೆ ಅದನ್ನು ಸಮಿತಿಗೆ ಕಳಿಸಿತು. ಅಲ್ಲಿಂದಾಚೆ ಅದು ಕಾಯಿದೆಯಾಗಲಿಲ್ಲ. 2017ರಲ್ಲಿ ಕಾನೂನು ಆಯೋಗ ಮತ್ತೊಮ್ಮೆ ಎಚ್ಚರಿಸಿದರೂ ಕಡತ ಅಲುಗಲಿಲ್ಲ. ಆಳುವ ಪಕ್ಷ ಬದಲಾಯಿತು, ಔದಾಸೀನ್ಯ ಬದಲಾಗಲಿಲ್ಲ.

ನಷ್ಟ ಯಾರಿಗೆ ಎಂಬುದನ್ನೂ ನೋಡಿ. 1995ರಲ್ಲಿ ಬಂಗಾಳದ ಪುರುಲಿಯಾದಲ್ಲಿ ವಿಮಾನದಿಂದ ಬಂದೂಕುಗಳ ಮಳೆ ಸುರಿಸಿದ ಮೊಕದ್ದಮೆಯ ಆರೋಪಿಯೊಬ್ಬ ಡೆನ್ಮಾರ್ಕಿನವನು. ಅವನನ್ನು ಒಪ್ಪಿಸಿರೆಂದು ನಮ್ಮ ಸರಕಾರ ಕೇಳಿತು. ಭಾರತದಲ್ಲಿ ಅವನಿಗೆ ಚಿತ್ರಹಿಂಸೆಯಾಗುವ ಅಪಾಯವಿದೆ ಎಂದು 2011ರಲ್ಲಿ ಅಲ್ಲಿನ ಹೈಕೋರ್ಟು ಒಪ್ಪಿಸಲಿಲ್ಲ. 2024ರಲ್ಲಿ ಮತ್ತೆ ಕೇಳಿದಾಗಲೂ ಅಲ್ಲಿನ ಕೋರ್ಟು ಅದೇ ಮಾತು ಹೇಳಿ ಕಡತ ಹಿಂತಿರುಗಿಸಿತು.