ಭಾನುವಾರ ಹೊರಟು ಮಂಗಳವಾರ ಮರಳಿ

ಮದುವೆಯಾಗಿ ಒಂದು ವರ್ಷವೋ ಎರಡು ವರ್ಷವೋ ಆಗಿದೆ. ಇಬ್ಬರೂ ದುಡಿಯುತ್ತೀರಿ. ಮನೆ ಬಾಡಿಗೆ, ಓಡಾಟದ ಖರ್ಚು, ಎರಡೂ ಕಡೆಯ ಹಿರಿಯರಿಗೆ ಕಳುಹಿಸುವ ಹಣ, ಇವೆಲ್ಲ ಕಳೆದು ಕೈಯಲ್ಲಿ ಉಳಿಯುವುದು ಅಷ್ಟಕ್ಕಷ್ಟೆ. ಶರತ್ಕಾಲ ಬಂದು ದಸರಾ ಹತ್ತಿರವಾದಾಗ, 'ಎಲ್ಲಾದರೂ ಎರಡು ದಿನ ಹೋಗಿಬರೋಣ' ಎಂಬ ಮಾತು ಮನೆಯಲ್ಲಿ ಹುಟ್ಟುತ್ತದೆ. ಆ ಮಾತು ಹುಟ್ಟಿದಲ್ಲೇ ಸಾಯಬಾರದು. ಸಾಲದ ಕಂತಾಗಿ ಮುಂದಿನ ದಸರೆಯವರೆಗೆ ಬದುಕಿರಲೂ ಬಾರದು. ಕಡಿಮೆ ಖರ್ಚಿನಲ್ಲಿ ಒಂದು ಊರನ್ನು ಚೆನ್ನಾಗಿ ನೋಡಿ ಬರುವುದು ಹೇಗೆಂದು ಯೋಚಿಸೋಣ.

ಊರು ಯಾವುದೆಂದು ನಾನೇ ಆರಿಸಿಕೊಳ್ಳುತ್ತೇನೆ: ಮೈಸೂರು. ಬೆಂಗಳೂರಿನಿಂದ ರೈಲಿನಲ್ಲಿ ಸುಮಾರು 140 ಕಿಲೋಮೀಟರು, ಎರಡರಿಂದ ಮೂರು ಗಂಟೆಯ ಹಾದಿ. ಹುಬ್ಬಳ್ಳಿ, ವಿಜಯಪುರದ ಕಡೆಯವರಿಗೆ ರಾತ್ರಿ ರೈಲುಗಳಿವೆ. ರೈಲಿನಲ್ಲೇ ಮಲಗಿದರೆ ಒಂದು ರಾತ್ರಿಯ ಕೊಠಡಿ ಬಾಡಿಗೆ ಉಳಿಯುತ್ತದೆ. ಆದರೆ ನಾನು ಮೈಸೂರನ್ನು ಹೇಳುವುದಕ್ಕೆ ಇನ್ನೂ ದೊಡ್ಡ ಕಾರಣವಿದೆ. ಅದು ಕಾಲ್ನಡಿಗೆಯಲ್ಲಿ ನೋಡಬಹುದಾದ ನಗರ. ರೈಲು ನಿಲ್ದಾಣ, ದೇವರಾಜ ಮಾರುಕಟ್ಟೆ, ಚಿಕ್ಕ ಗಡಿಯಾರ, ಕೃಷ್ಣರಾಜ ವೃತ್ತ, ದೊಡ್ಡ ಗಡಿಯಾರ, ಅರಮನೆ, ಎಲ್ಲವೂ ಒಂದಕ್ಕೊಂದು ಹತ್ತಿರ. ಇಬ್ಬರು ಮಾತಾಡುತ್ತಾ ನಡೆದರೆ ಆಟೋ ಹತ್ತುವ ಪ್ರಮೇಯವೇ ಬಾರದು.

ಯಾವಾಗ ಹೋಗಬೇಕು? ದಸರಾ ನೋಡಲೆಂದೇ ಮೈಸೂರಿಗೆ ಹೋಗಬೇಕು ಎಂದು ನಮ್ಮಲ್ಲಿ ಹಲವರು ಭಾವಿಸಿದ್ದಾರೆ. ಜಂಬೂ ಸವಾರಿ ನೋಡುವ ಆಸೆಯಿದ್ದರೆ ಖಂಡಿತ ಹೋಗಿ. ಆದರೆ ಅದನ್ನು ಕಡಿಮೆ ಖರ್ಚಿನ ಪ್ರವಾಸ ಎಂದು ಮಾತ್ರ ಕರೆಯಬೇಡಿ. ಆ ವಾರ ಲಾಡ್ಜಿನವರು ಹೇಳಿದ್ದೇ ಬೆಲೆ. ಕೈ ಬಿಗಿಯಿರುವವರಿಗೆ ತಕ್ಕ ಕಾಲ ಅದರ ನಂತರದ್ದು. ಪಂಚಾಂಗ ತೆಗೆದು ನೋಡಿ. ವಿಜಯದಶಮಿಯಿಂದ ನರಕ ಚತುರ್ದಶಿಗೆ ಸುಮಾರು ಹತ್ತೊಂಬತ್ತು ದಿನ. ಶಾಲೆಗಳ ದಸರಾ ರಜೆ ಮುಗಿದು, ದೀಪಾವಳಿಯ ನೂಕುನುಗ್ಗಲು ಇನ್ನೂ ಶುರುವಾಗದ ಆ ಹತ್ತು ಹನ್ನೆರಡು ದಿನಗಳೇ ನಿಮ್ಮ ದಿನಗಳು. ಊರು ಹಬ್ಬದ ಕಳೆಯನ್ನು ಪೂರ್ತಿ ಕಳಚಿರುವುದಿಲ್ಲ. ಅರಮನೆಯ ಎದುರಿನ ದೊಡ್ಡಕೆರೆ ಮೈದಾನದ ವಸ್ತುಪ್ರದರ್ಶನ ದಸರಾ ಕಳೆದ ಮೇಲೂ ವಾರಗಟ್ಟಲೆ ನಡೆಯುತ್ತದೆ. ಶೀಗೆ ಹುಣ್ಣಿಮೆಯ ಹೊತ್ತಿಗೆ ಚಾಮುಂಡಿ ಬೆಟ್ಟದಲ್ಲಿ ರಥೋತ್ಸವ. ಆ ದಿನ ಬೆಟ್ಟದಲ್ಲಿ ಕಾಲಿಡಲು ಜಾಗವಿರುವುದಿಲ್ಲ ಎಂಬುದನ್ನೂ ನೆನಪಿಡಿ.

ವಾರ ಸಿಕ್ಕಿತು. ಇನ್ನು ದಿನ. ಶನಿವಾರ ಹೋಗಿ ಭಾನುವಾರ ಬರುವುದು ಎಲ್ಲರ ಅಭ್ಯಾಸ. ನೀವು ಎಲ್ಲರೂ ಮರಳುವಾಗ ಹೊರಡಿ. ಭಾನುವಾರ ಮಧ್ಯಾಹ್ನ ಮೈಸೂರು ತಲುಪಿ, ಮಂಗಳವಾರ ಸಂಜೆ ಹಿಂದಿರುಗಿ. ಇಬ್ಬರೂ ಎರಡು ದಿನ ರಜೆ ಹಾಕಬೇಕಾಗುತ್ತದೆ, ನಿಜ. ಆದರೆ ವಾರಾಂತ್ಯದ ಜನ ಭಾನುವಾರ ಕೊಠಡಿ ಖಾಲಿ ಮಾಡುತ್ತಾರೆ. ಆ ರಾತ್ರಿ ಲಾಡ್ಜಿನ ಗುಮಾಸ್ತರು ಬಾಡಿಗೆಯ ಮಾತಿಗೆ ಸ್ವಲ್ಪ ಬಗ್ಗುತ್ತಾರೆ. ಎರಡನೆಯ ಲಾಭ ಇನ್ನೂ ದೊಡ್ಡದು. ಅರಮನೆಯ ದೀಪಾಲಂಕಾರ ಸಾಮಾನ್ಯ ದಿನಗಳಲ್ಲಿ ಪೂರ್ತಿಯಾಗಿ ಬೆಳಗುವುದು ಭಾನುವಾರ ಮತ್ತು ಸರ್ಕಾರಿ ರಜೆಯ ಸಂಜೆಗಳಲ್ಲಿ. ಏಳು ಗಂಟೆಯ ಹೊತ್ತಿಗೆ ಸುಮಾರು ಒಂದು ಲಕ್ಷ ಬಲ್ಬುಗಳು ಒಮ್ಮೆಲೇ ಹೊತ್ತಿಕೊಳ್ಳುತ್ತವೆ. ಕ್ಯಾಮರಾದ ಹಿಂದೆ ನಿಂತು ಬಹಳ ದೀಪಗಳನ್ನು ನೋಡಿದವನು ನಾನು. ಆ ಒಂದು ಕ್ಷಣಕ್ಕೆ ಸಮನಾದದ್ದು ಹೆಚ್ಚಿಲ್ಲ. ರಸ್ತೆಯಲ್ಲಿ ನಿಂತರೂ ಕಾಣುತ್ತದೆ.

ಈಗ ಹಣದ ಮಾತು. ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ.

ಗಂಡ ಹೆಂಡಿರ ನಡುವೆ ಹಣದ ಮಾತು ಮೊದಲು ಬರುವುದು ಸಾಮಾನ್ಯವಾಗಿ ಕೊರತೆಯ ರೂಪದಲ್ಲಿ. ಮನೆಯ ಮುಂಗಡಕ್ಕೆ ಸಾಲದು, ತಂಗಿಯ ಮದುವೆಗೆ ಸಾಲದು, ಆಸ್ಪತ್ರೆಗೆ ಸಾಲದು. ಸಂತೋಷದ ಖರ್ಚಿಗಾಗಿ ಇಬ್ಬರೂ ಕೂತು ಲೆಕ್ಕ ಹಾಕುವ ಸಂದರ್ಭ ಅಪರೂಪ. ಅದನ್ನು ಕಳೆದುಕೊಳ್ಳಬೇಡಿ. ಮೊದಲು ಇಬ್ಬರೂ ಬೇರೆ ಬೇರೆ ಚೀಟಿಯಲ್ಲಿ ಒಂದೊಂದು ಸಂಗತಿ ಬರೆಯಿರಿ: 'ಇದು ಇಲ್ಲದಿದ್ದರೆ ಹೋದ ಹಾಗಾಗಲಿಲ್ಲ'. ಆಕೆ ರೇಷ್ಮೆ ಸೀರೆ ಎಂದು ಬರೆಯುತ್ತಾಳೆಂದು ಗಂಡ ಹೆದರಿಕೊಂಡಿರುತ್ತಾನೆ. ಆಕೆ ಬರೆದಿರುವುದು 'ಎರಡು ದಿನ ನಾನು ಅಡುಗೆ ಮಾಡಬಾರದು, ಬೆಳಿಗ್ಗೆ ಏಳಕ್ಕೆ ಯಾರೂ ಎಬ್ಬಿಸಬಾರದು' ಎಂದಿರಬಹುದು. ಆತನಿಗೆ ಬೇಕಾದದ್ದು ಬೆಟ್ಟ ಹತ್ತುವುದು ಮಾತ್ರ ಇರಬಹುದು. ಈ ಎರಡು ಚೀಟಿಗಳನ್ನು ಉಳಿಸಿಕೊಂಡು ಮಿಕ್ಕದ್ದರಲ್ಲಿ ಕಡಿತ ಮಾಡಿ.

ಒಂದು ಉದಾಹರಣೆ ನೋಡಿ. ಕೈಯಲ್ಲಿ 8,000 ರೂಪಾಯಿ ಇದೆ ಎಂದಿಟ್ಟುಕೊಳ್ಳಿ. ಎರಡು ರಾತ್ರಿಯ ಕೊಠಡಿಗೆ 3,000. ಊಟ ತಿಂಡಿಗೆ ತಲೆಗೆ ದಿನಕ್ಕೆ 400ರಂತೆ ಮೂರು ದಿನಕ್ಕೆ 2,400. ರೈಲು, ಬಸ್ಸು, ಆಟೋ ಸೇರಿ 900. ಪ್ರವೇಶದ ಟಿಕೆಟ್ಟುಗಳಿಗೆ 500. ಮನೆಯವರಿಗೆ ಏನಾದರೂ ತರಲು 400. ಆಯಿತು 7,200. ಉಳಿದ 800ನ್ನು ಮುಟ್ಟಬೇಡಿ. ನಾವು ಹೊರಾಂಗಣ ಚಿತ್ರೀಕರಣಕ್ಕೆ ಹೊರಡುವಾಗ 'ಅನಿರೀಕ್ಷಿತ' ಎಂಬ ಒಂದು ಬಾಬನ್ನು ಬಜೆಟ್ಟಿನಲ್ಲಿ ಇಟ್ಟೇ ಇಡುತ್ತೇವೆ. ಚಪ್ಪಲಿ ಕಿತ್ತುಹೋಗುತ್ತದೆ, ಮಳೆಗೆ ಸಿಕ್ಕಿ ಆಟೋ ಹತ್ತಬೇಕಾಗುತ್ತದೆ, ತಲೆನೋವಿಗೆ ಮಾತ್ರೆ ಬೇಕಾಗುತ್ತದೆ. ದರಗಳು ಬದಲಾಗುತ್ತಿರುತ್ತವೆ, ಹೊರಡುವ ವಾರ ಒಮ್ಮೆ ವಿಚಾರಿಸಿ ನಿಮ್ಮ ಅಂಕಿಗಳನ್ನು ತಿದ್ದಿಕೊಳ್ಳಿ.

ಈ 8,000 ಈಗಾಗಲೇ ನಿಮ್ಮ ಬಳಿ ಇರಬೇಕು. ಈಗ ಹೋಗಿ ಆಮೇಲೆ ಕಟ್ಟಿ ಎನ್ನುವ ಕರೆಗಳು ಫೋನಿನಲ್ಲಿ ದಿನವೂ ಬರುತ್ತವೆ. ನಾನು ಓದಿದ್ದು ವಿಜ್ಞಾನ, ಹಾಗಾಗಿ ಸಣ್ಣ ಅಂಕಿಯನ್ನು ನೋಡಿದರೆ ಗುಣಿಸುವ ಚಟ. ತಿಂಗಳಿಗೆ ಶೇಕಡ 3 ಬಡ್ಡಿ ಎಂದರೆ ಕೇಳಲು ಹಗುರ. ಬಡ್ಡಿಗೆ ಬಡ್ಡಿ ಸೇರಿದರೆ ಅದು ವರ್ಷಕ್ಕೆ ಶೇಕಡ 42 ದಾಟುತ್ತದೆ. ನಾಲ್ಕು ತಿಂಗಳು ಮೊದಲಿನಿಂದ ತಿಂಗಳಿಗೆ ತಲಾ ಒಂದು ಸಾವಿರದಂತೆ ತೆಗೆದಿಟ್ಟರೆ ಅದೇ 8,000 ಬಡ್ಡಿಯಿಲ್ಲದೆ ಸಿಗುತ್ತದೆ.

ಪ್ರಯಾಣದಲ್ಲಿ ಒಂದು ದೊಡ್ಡ ಅನುಕೂಲವಿದೆ. 2023ರ ಜೂನ್‌ನಲ್ಲಿ ಆರಂಭವಾದ ಶಕ್ತಿ ಯೋಜನೆಯಂತೆ ಕರ್ನಾಟಕದ ನಿವಾಸಿ ಮಹಿಳೆಯರಿಗೆ ರಾಜ್ಯ ಸಾರಿಗೆಯ ಸಾಮಾನ್ಯ ಬಸ್ಸುಗಳಲ್ಲಿ ಟಿಕೆಟ್ಟಿನ ಹಣವಿಲ್ಲ. ರಾಜಹಂಸಕ್ಕೆ, ಹವಾನಿಯಂತ್ರಿತ ಬಸ್ಸಿಗೆ ಇದು ಅನ್ವಯಿಸುವುದಿಲ್ಲ. ಗುರುತಿನ ಚೀಟಿಯಲ್ಲಿ ಕರ್ನಾಟಕದ ವಿಳಾಸವಿರಬೇಕು. ಮದುವೆಯಾದ ಮೇಲೆ ತವರಿನ ವಿಳಾಸವನ್ನು ಬದಲಾಯಿಸಿಲ್ಲ ಎಂದು ಚಿಂತಿಸಬೇಡಿ. ಆ ತವರು ಕಲಬುರಗಿಯಾದರೂ ಸರಿ, ಕಾರವಾರವಾದರೂ ಸರಿ, ಕರ್ನಾಟಕದಲ್ಲಿದ್ದರೆ ಸಾಕು. ತವರು ಸೊಲ್ಲಾಪುರವೋ ಹಿಂದೂಪುರವೋ ಆಗಿ ವಿಳಾಸ ಅಲ್ಲಿಯದೇ ಇದ್ದರೆ ಟಿಕೆಟ್ ಕೊಳ್ಳಬೇಕು. ರೈಲಿಗೆ ಮುಂಗಡ ಕಾಯ್ದಿರಿಸುವವರಿಗೆ ಇನ್ನೊಂದು ಮಾತು: 2024ರ ನವೆಂಬರ್‌ನಿಂದ ಆ ಅವಧಿ 120 ದಿನಗಳಿಂದ 60ಕ್ಕೆ ಇಳಿದಿದೆ.

ಕೊಠಡಿಯ ವಿಷಯದಲ್ಲಿ ಜಿಪುಣತನ ಬೇಡ ಎಂಬುದು ನನ್ನ ಅಭಿಪ್ರಾಯ. ತೀರಾ ಅಗ್ಗದ ಲಾಡ್ಜಿನಲ್ಲಿ ಬೆಳಗಿನವರೆಗೆ ಸೊಳ್ಳೆ ಹೊಡೆಯುತ್ತಾ ಕೂತವರಿಗೆ ಮರುದಿನ ಅರಮನೆಯೂ ಬೇಸರವೇ. ಹಣ ಕೊಡುವ ಮೊದಲು ಕೊಠಡಿಯನ್ನು ಇಬ್ಬರೂ ಹೋಗಿ ನೋಡಿ. ನಲ್ಲಿ ತಿರುಗಿಸಿ, ಬಿಸಿನೀರು ಎಷ್ಟರಿಂದ ಎಷ್ಟರವರೆಗೆ ಎಂದು ಕೇಳಿ, ಬಾಗಿಲಿನ ಚಿಲಕ ಹಾಕಿ ನೋಡಿ. ಕೊಠಡಿ ಬಿಡುವ ಸಮಯ ಮರುದಿನ ಮಧ್ಯಾಹ್ನವೋ, ಹೊಕ್ಕ ಗಳಿಗೆಯಿಂದ ಇಪ್ಪತ್ನಾಲ್ಕು ಗಂಟೆಯೋ ಎಂಬುದನ್ನು ಮೊದಲೇ ಖಚಿತ ಮಾಡಿಕೊಳ್ಳಿ. ಅನೇಕರ ಬಜೆಟ್ಟು ಮುಗ್ಗರಿಸುವುದು ಇಲ್ಲೇ. ಇಬ್ಬರ ಗುರುತಿನ ಚೀಟಿಯೂ ಬೇಕು. ಹೆಸರು ಹೊಂದದಿದ್ದರೂ ವಿಳಾಸ ಬೇರೆಯಿದ್ದರೂ ಅಳುಕದೆ ತೋರಿಸಿ. ಕಾಯ್ದಿರಿಸಿದ ರೈಲು ಟಿಕೆಟ್ಟಿದ್ದರೆ ರೈಲು ನಿಲ್ದಾಣದ ವಿಶ್ರಾಂತಿ ಕೊಠಡಿಯನ್ನೂ ವಿಚಾರಿಸಬಹುದು.

ಇನ್ನು ಹವೆ. ಶರತ್ಕಾಲವೆಂದರೆ ತಿಳಿಯಾದ ಆಕಾಶ, ಬೆಳ್ಮುಗಿಲು ಎಂದು ಕವಿಗಳು ಹೇಳಿದ್ದಾರೆ. ಮೈಸೂರಿನ ಮಟ್ಟಿಗೆ ಇದು ಅರ್ಧ ನಿಜ. ವರ್ಷದಲ್ಲಿ ಹೆಚ್ಚು ಮಳೆ ಬೀಳುವ ತಿಂಗಳುಗಳಲ್ಲಿ ಅಕ್ಟೋಬರ್ ಕೂಡ ಒಂದು. ನೈಋತ್ಯ ಮುಂಗಾರು ಹಿಂದೆ ಸರಿಯುವ ಕಾಲ. ಬೆಳಗಿನ ಬಿಸಿಲು ಒದ್ದೆ ನೆಲವನ್ನು ಕಾಯಿಸುತ್ತದೆ, ತೇವ ಮೇಲೇರುತ್ತದೆ, ಮಧ್ಯಾಹ್ನದ ನಂತರ ಮೋಡ ಕಟ್ಟಿ ಸಂಜೆಗೆ ಗುಡುಗು ಮಳೆಯಾಗಿ ಸುರಿಯುತ್ತದೆ. ನಮ್ಮ ರೈತರ ಲೆಕ್ಕದಲ್ಲಿ ಇದು ಚಿತ್ತಾ, ಸ್ವಾತಿ ಮಳೆಗಳ ಸಮಯ. ಆದ್ದರಿಂದ ಬಯಲಲ್ಲಿ ನೋಡುವುದೆಲ್ಲ ಬೆಳಿಗ್ಗೆ, ಸೂರಿನಡಿ ನೋಡುವುದು ಮಧ್ಯಾಹ್ನ. ಕೊಡೆ ಎರಡು ಇರಲಿ. ಒಂದೇ ಕೊಡೆಯಲ್ಲಿ ಇಬ್ಬರು ನಡೆಯುವುದು ಸಿನಿಮಾದಲ್ಲಿ ಚೆನ್ನ. ಚಿತ್ತಾ ಮಳೆಯಲ್ಲಿ ಇಬ್ಬರೂ ನೆನೆಯುತ್ತೀರಿ.

ಸೋಮವಾರ ಬೆಳಿಗ್ಗೆ ಚಾಮುಂಡಿ ಬೆಟ್ಟ. ಮಂಗಳವಾರ ಮತ್ತು ಶುಕ್ರವಾರ ದೇವಿಯ ದಿನಗಳಾದ್ದರಿಂದ ಜನ ಹೆಚ್ಚು, ಸೋಮವಾರ ಹಾಗಲ್ಲ. ಆರು ಗಂಟೆಗೆ ಪಾದದಿಂದ ಹತ್ತಲು ತೊಡಗಿ. ಸುಮಾರು ಸಾವಿರ ಮೆಟ್ಟಿಲು. ಏಳುನೂರರ ಆಸುಪಾಸಿನಲ್ಲಿ, ದೊಡ್ಡದೇವರಾಜ ಒಡೆಯರ ಕಾಲದ ಏಕಶಿಲೆಯ ನಂದಿ. ಅಲ್ಲಿ ಕೂತು ಉಸಿರು ತಿರುಗಿಸಿಕೊಂಡು ಕೆಳಗಿನ ಊರನ್ನು ನೋಡಿ. (ಬೆಳಿಗ್ಗೆ ಎಬ್ಬಿಸಬಾರದು ಎಂದು ಚೀಟಿ ಬರೆದವರೊಡನೆ ಈ ಒಂದು ದಿನಕ್ಕೆ ರಾಜಿ ಮಾಡಿಕೊಳ್ಳಬೇಕಾದೀತು.) ಇಳಿಯಲು ನಗರ ಸಾರಿಗೆ ಬಸ್ಸಿದೆ. ತಿಂಡಿಗೆ ನಜರ್‌ಬಾದಿನ ಮೈಲಾರಿ ದೋಸೆ. ಮೆತ್ತಗೆ, ಮೇಲೆ ಬೆಣ್ಣೆ. ಅಲ್ಲಿಂದ ಮೃಗಾಲಯ. 1892ರಲ್ಲಿ ಆರಂಭವಾದ ಇದಕ್ಕೆ ಮಂಗಳವಾರ ರಜೆ, ಆದ್ದರಿಂದ ಸೋಮವಾರವೇ ಮುಗಿಸಬೇಕು. ಮೂರು ಗಂಟೆ ಸಾಲದು.

ಬೃಂದಾವನಕ್ಕೆ ಹೋಗಬೇಕೇ? ಮಳೆ ಚೆನ್ನಾಗಿ ಆದ ವರ್ಷ ಈ ಕಾಲದಲ್ಲಿ ಕೃಷ್ಣರಾಜಸಾಗರ 124.80 ಅಡಿಯ ತನ್ನ ಪೂರ್ಣ ಮಟ್ಟದ ಹತ್ತಿರ ತುಂಬಿ ನಿಂತಿರುತ್ತದೆ, ಅದು ನೋಡತಕ್ಕದ್ದೇ. ಆದರೆ ಸುಮಾರು ಇಪ್ಪತ್ತು ಕಿಲೋಮೀಟರು ಹೋಗಿಬರುವಷ್ಟರಲ್ಲಿ ಸೋಮವಾರದ ಸಂಜೆ ಪೂರ್ತಿ ಅದಕ್ಕೇ ಆಯಿತು. ಬೆಳಿಗ್ಗೆ ಬೆಟ್ಟ ಹತ್ತಿದವರಿಗೆ ನಾನು ವಸ್ತುಪ್ರದರ್ಶನದಲ್ಲಿ ಮೆಣಸಿನಕಾಯಿ ಬಜ್ಜಿ ತಿನ್ನುವುದನ್ನೇ ಹೇಳುತ್ತೇನೆ.

ಮಂಗಳವಾರ ಬೆಳಿಗ್ಗೆ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಒಂದು ಸುತ್ತು. ಕುವೆಂಪು ಅವರು ನಡೆದಾಡಿದ ದಾರಿ ಅದು. ಹತ್ತು ಗಂಟೆಗೆ ಅರಮನೆಯ ಒಳಗೆ. 1897ರಲ್ಲಿ ಹಳೆಯ ಮರದ ಅರಮನೆ ಬೆಂಕಿಗೆ ಆಹುತಿಯಾದ ಮೇಲೆ ಹೆನ್ರಿ ಇರ್ವಿನ್ ಅವರ ವಿನ್ಯಾಸದಂತೆ ಕಟ್ಟಿ 1912ರಲ್ಲಿ ಮುಗಿಸಿದ್ದು ಈಗಿನದು. ಇದರ ಮುಖ ಪೂರ್ವಕ್ಕಿದೆ. ಮುಂಭಾಗದ ಚಿತ್ರ ತೆಗೆಯುವವರು ಬೆಳಗಿನ ಬೆಳಕನ್ನು ಬಿಡಬಾರದು, ಸಂಜೆ ಸೂರ್ಯ ಕಟ್ಟಡದ ಹಿಂದೆ ಹೋಗುತ್ತಾನೆ. ಹೊರಬಂದು ದೊಡ್ಡ ಗಡಿಯಾರವನ್ನು ತಲೆಯೆತ್ತಿ ನೋಡಿ. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಗೆ ಇಪ್ಪತ್ತೈದು ವರ್ಷ ತುಂಬಿದ ನೆನಪಿಗೆ ಅರಮನೆಯ ನೌಕರರು 1927ರಲ್ಲಿ ಕಟ್ಟಿಸಿದ್ದು, ಅಂಕಿಗಳು ಕನ್ನಡದವು.

ಉಳಿದದ್ದು ಮನೆಯವರಿಗೆ ಒಯ್ಯುವ ವಸ್ತು. ಹೊಸ ದಂಪತಿಗಳ ಲೆಕ್ಕ ಅತಿ ಹೆಚ್ಚು ಹಳಿ ತಪ್ಪುವುದು ಕೊನೆಯ ಈ ಎರಡು ಗಂಟೆಗಳಲ್ಲಿ. ಅತ್ತೆಗೆ ತಂದು ಅಮ್ಮನಿಗೆ ತರದಿದ್ದರೆ ಹೇಗೆ, ನಾದಿನಿಗೆ ಏನು, ಪಕ್ಕದ ಮನೆಯವರು ಗಿಡಕ್ಕೆ ನೀರು ಹಾಕಿದ್ದಾರಲ್ಲ! 1912ರಿಂದ ನೇಯುತ್ತಿರುವ ಮೈಸೂರು ರೇಷ್ಮೆಯ ಸೀರೆಯನ್ನು ಈ ಪ್ರವಾಸದ ಚೀಲದಿಂದ ಕೊಳ್ಳಲಾಗದು. ಅದಕ್ಕೆ ಬೇರೆಯೇ ಉಳಿತಾಯ ಬೇಕು. ಗಂಧದ ಸಾಬೂನು ನಿಮ್ಮೂರಿನ ಅಂಗಡಿಯಲ್ಲೂ ಸಿಗುತ್ತದೆ. ದೇವರಾಜ ಮಾರುಕಟ್ಟೆಗೆ ಹೋಗಿ. ಎರಡು ಕಟ್ಟು ಮೈಸೂರು ವೀಳ್ಯದೆಲೆ, ಅಡಿಕೆ, ಊದುಬತ್ತಿ, ಅರ್ಧ ಕಿಲೋ ಮೈಸೂರು ಪಾಕು. ಎರಡೂ ಮನೆಗೆ ಸಮನಾಗಿ ಎರಡು ಪೊಟ್ಟಣ ಅಂಗಡಿಯಲ್ಲೇ ಕಟ್ಟಿಸಿಬಿಡಿ. ಮನೆಗೆ ಬಂದು ಹಂಚಲು ಹೋಗಬೇಡಿ. ಇಲ್ಲಿಯ ಮಲ್ಲಿಗೆಯ ಸರದಿ ಬೇಸಿಗೆ. ಆದರೂ ಒಂದು ಮೊಳ ಸಿಕ್ಕರೆ ಮುಡಿದುಕೊಂಡೇ ರೈಲು ಹತ್ತಿ, ಅದು ಊರು ಮುಟ್ಟುವವರೆಗೆ ಬಾಡದು.