ಕೆಟ್ಟು ನಿಂತ ಗರಗಸದ ಯಂತ್ರ



ನಾವು ಕುಳಿತುಕೊಳ್ಳುವ ಕುರ್ಚಿಯ ಬೆನ್ನು ತುಸು ಬಾಗಿರುತ್ತದೆ. ಮೇಜಿನ ಕಾಲು ಕೆಳಗಿಳಿಯುತ್ತ ಹೊರಕ್ಕೆ ಬಳುಕಿರುತ್ತದೆ. ಮರವು ತಾನಾಗಿ ಹಾಗೆ ಬಳುಕಿದುದಲ್ಲ. ಬಡಗಿಯು ಹಲಗೆಯ ಮೇಲೆ ಗೆರೆಯೆಳೆದು, ಆ ಗೆರೆಯ ಗುಂಟ ಕೊಯ್ದು ತೆಗೆದುದು. ಕೈಗರಗಸದಿಂದ ಈ ಕೆಲಸ ಬಹು ಪ್ರಯಾಸದ್ದು. ನಗರದ ಮರಗೆಲಸದ ಅಂಗಡಿಗಳಲ್ಲಿ ಇದನ್ನು ಸಾಮಾನ್ಯವಾಗಿ ಮಾಡತಕ್ಕದ್ದು ‘ಬ್ಯಾಂಡ್ ಸಾ’ ಎಂಬ ಯಂತ್ರ. ಅದು ಕೆಟ್ಟು ನಿಂತಾಗ ಏನು ಮಾಡಬೇಕು, ಅದಕ್ಕಿಂತ ಹೆಚ್ಚಾಗಿ ಏನನ್ನು ಮಾಡಬಾರದು ಎಂಬುದನ್ನು ಕುರಿತು ಈ ಹೊತ್ತು ನಾಲ್ಕು ಮಾತು ಹೇಳಬೇಕೆಂದಿದ್ದೇವೆ. ನಿಮ್ಮಲ್ಲಿ ಬಹುಮಂದಿಯ ಮನೆಯಲ್ಲಿ ಈ ಯಂತ್ರವಿರಲಾರದು. ಆದರೆ ಹೇಳಿದ ದಿನಕ್ಕೆ ಮಂಚ ಬರಲಿಲ್ಲವೆಂದು ಅಂಗಡಿಯವನೊಡನೆ ಜಗಳವಾಡಿದವರು ಕೆಲವರಾದರೂ ಇದ್ದೇ ಇರುವಿರಿ.

ಯಂತ್ರದ ರಚನೆ ಸರಳವಾದುದು. ಒಂದರ ಮೇಲೊಂದಾಗಿ ಎರಡು ಚಕ್ರಗಳು. ಅವುಗಳ ಅಂಚಿಗೆ ರಬ್ಬರಿನ ಹೊದಿಕೆ. ಒಂದು ಪಕ್ಕದಲ್ಲಿ ಹಲ್ಲುಗಳುಳ್ಳ ಉಕ್ಕಿನ ಪಟ್ಟಿಯೊಂದನ್ನು ತುದಿಗೆ ತುದಿ ಬೆಸೆದು, ಮಾಲೆಯ ಹಾಗೆ ಈ ಎರಡು ಚಕ್ರಗಳಿಗೂ ತೊಡಿಸಿರುತ್ತದೆ. ಇದಕ್ಕೆ ಬ್ಲೇಡೆಂದು ಹೆಸರು. ಕೆಳಗಿನ ಚಕ್ರವನ್ನು ಮೋಟಾರು ತಿರುಗಿಸುತ್ತದೆ. ಮೇಲಿನದು ಬ್ಲೇಡಿನ ಎಳೆತಕ್ಕೆ ತಾನೂ ತಿರುಗುತ್ತದೆ. ನಡುವೆ ಮರವನ್ನಿಡುವ ಕಬ್ಬಿಣದ ಮೇಜು. ಬ್ಲೇಡು ಅಕ್ಕಪಕ್ಕಕ್ಕೆ ವಾಲದಂತೆ ಎರಡು ಕಡೆ ತಡೆಗಳೂ, ಮರವನ್ನು ಒತ್ತಿದಾಗ ಹಿಂದಕ್ಕೆ ಸರಿಯದಂತೆ ಬೆನ್ನ ಹಿಂದೆ ಒಂದು ಸಣ್ಣ ಉರುಳೆಯೂ ಇರುತ್ತವೆ. ಈ ಉರುಳೆಯನ್ನು ದಯವಿಟ್ಟು ನೆನಪಿನಲ್ಲಿಟ್ಟುಕೊಳ್ಳಿ.

ಇಂತಹ ಯಂತ್ರದ ಕಲ್ಪನೆ ಹತ್ತೊಂಬತ್ತನೆಯ ಶತಮಾನದ ಮೊದಲ ದಶಕದಷ್ಟು ಹಳೆಯದು. ಇಂಗ್ಲೆಂಡಿನ ವಿಲಿಯಂ ನ್ಯೂಬೆರಿ ಎಂಬುವರು ಅದಕ್ಕೆ ಆಗಲೇ ಪೇಟೆಂಟು ಪಡೆದಿದ್ದರು. ಆದರೂ ಸುಮಾರು ನಲವತ್ತು ವರ್ಷಗಳ ಕಾಲ ಅದು ವ್ಯವಹಾರಕ್ಕೆ ಬರಲಿಲ್ಲ. ಬ್ಲೇಡು ಬಾಳುತ್ತಿರಲಿಲ್ಲ, ಬೆಸೆದ ಜಾಗ ತಡೆಯುತ್ತಿರಲಿಲ್ಲ. 1846ರಲ್ಲಿ ಫ್ರಾನ್ಸಿನ ಆನ್ ಪೋಲಿನ್ ಕ್ರೆಪ್ಯಾಂ ಎಂಬ ಮಹಿಳೆ ಬೆಸುಗೆಯ ಒಂದು ಕ್ರಮಕ್ಕೆ ಪೇಟೆಂಟು ಕೋರಿದ ಮೇಲೆ, ಪ್ಯಾರಿಸಿನ ಪೆರ‍್ಯಾಂ ಕಂಪೆನಿಯವರು ಆ ಹಕ್ಕನ್ನು ಕೊಂಡು ಯಂತ್ರವನ್ನು ಬಳಕೆಗೆ ತಂದರು. ಅಂದು ಯಂತ್ರವನ್ನು ತಡೆದು ನಿಲ್ಲಿಸಿದ್ದ ತೊಡಕು ಯಾವುದೋ, ಇಂದಿಗೂ ಅಂಗಡಿಗಳಲ್ಲಿ ಅದನ್ನು ನಿಲ್ಲಿಸುವ ತೊಡಕು ಬಹುಮಟ್ಟಿಗೆ ಅದೇ: ಬ್ಲೇಡು ತುಂಡಾಗುವುದು.

ಏಕೆ ತುಂಡಾಗಬೇಕು? ಚಿಕ್ಕ ಲೆಕ್ಕವೊಂದನ್ನು ಮಾಡೋಣ. ಚಕ್ರದ ವ್ಯಾಸ 450 ಮಿಲಿಮೀಟರು, ಬ್ಲೇಡಿನ ಒಟ್ಟು ಉದ್ದ 3.6 ಮೀಟರು, ಅದರ ಓಟ ಸೆಕೆಂಡಿಗೆ 15 ಮೀಟರು ಎಂದಿಟ್ಟುಕೊಳ್ಳಿ. ಬ್ಲೇಡಿನ ಪ್ರತಿಯೊಂದು ಭಾಗವೂ ಸೆಕೆಂಡಿಗೆ ನಾಲ್ಕು ಸಲಕ್ಕೂ ಹೆಚ್ಚಾಗಿ ಸುತ್ತಿಬರುತ್ತದೆ. ಒಂದು ಸುತ್ತಿಗೆ ಎರಡು ಬಾರಿ ಬಾಗಿ, ಎರಡು ಬಾರಿ ನೆಟ್ಟಗಾಗುತ್ತದೆ. ಎಂದರೆ ನಿಮಿಷಕ್ಕೆ 500 ಬಾಗು, ಗಂಟೆಗೆ 30,000. ತಂತಿಯೊಂದನ್ನು ಅತ್ತಿತ್ತ ಬಗ್ಗಿಸಿ ಬಗ್ಗಿಸಿ ಮುರಿಯುವುದನ್ನು ಮಕ್ಕಳೂ ಬಲ್ಲರು. ಹೀಗಿರುವಾಗ ಬ್ಲೇಡು ಮುರಿಯುವುದು ಆಶ್ಚರ್ಯವಲ್ಲ, ಇಷ್ಟು ದಿನ ಮುರಿಯದೆ ಇರುವುದೇ ಆಶ್ಚರ್ಯ. ಬ್ಲೇಡಿನ ದಪ್ಪ ಚಕ್ರದ ವ್ಯಾಸದ ಸಾವಿರದಲ್ಲೊಂದು ಪಾಲಿನ ಸುಮಾರಿನಲ್ಲಿರಬೇಕೆಂದು ಕಸಬುದಾರರು ಹೇಳುವುದು ಈ ಕಾರಣದಿಂದಲೇ. ಗಟ್ಟಿಯಾಗಿರಲೆಂದು ದಪ್ಪದ ಬ್ಲೇಡನ್ನು ಚಿಕ್ಕ ಚಕ್ರಕ್ಕೆ ತೊಡಿಸುವವರು ಅದರ ಆಯುಸ್ಸನ್ನು ತಾವೇ ಕಡಮೆ ಮಾಡುತ್ತಾರೆ.

ನಮಗೆ ಪರಿಚಯವಾದ ಒಂದು ಅಂಗಡಿಯಲ್ಲಿ ಒಂದೇ ತಿಂಗಳೊಳಗೆ ಮೂರು ಬ್ಲೇಡುಗಳು ತುಂಡಾದುವು. ಮೊದಲನೆಯದು ಮುರಿದಾಗ ಯಜಮಾನರು ಮಾರಿದವನನ್ನು ಬೈದು ಬೇರೆ ಕಡೆ ಕೊಂಡರು. ಎರಡನೆಯದು ಮುರಿದಾಗ, ಬಿಗಿ ಸಾಲದೆಂದು ಬಗೆದು ಮೇಲಿನ ಚಕ್ರದ ತಿರುಪನ್ನು ಇನ್ನೂ ಬಿಗಿ ಮಾಡಿಸಿದರು. ಮೂರನೆಯದು ಇನ್ನಷ್ಟು ಬೇಗ ಮುರಿಯಿತು. ಮದುವೆಯ ಮನೆಯ ಮಂಚಗಳು ಅರ್ಧಕ್ಕೆ ನಿಂತಿದ್ದುವು. ದಿನಗೂಲಿಯ ಇಬ್ಬರು ಹುಡುಗರಿಗೆ ಕೆಲಸ ತಪ್ಪಿತ್ತು. ಮೋಟಾರನ್ನೇ ಬದಲಾಯಿಸಿಬಿಡೋಣವೆಂಬ ಮಾತೂ ಹೊರಟಿತ್ತು. ಆ ಅಂಗಡಿಯ ಹಿರಿಯ ಬಡಗಿಯೊಬ್ಬರು ಮಾತ್ರ ಮೂರು ಬ್ಲೇಡುಗಳ ತುಂಡುಗಳನ್ನೂ ಗೋಡೆಯ ಮೊಳೆಗೆ ತಗುಲಿಹಾಕಿದ್ದರು.

“ಇದನ್ನೆಲ್ಲ ಏಕೆ ಕೂಡಿಟ್ಟಿದ್ದೀರಿ, ಆಚಾರ್ರೇ?” ಎಂದೆವು.

“ಬೆರಳಾಡಿಸಿ ನೋಡಿ ಸ್ವಾಮಿ. ಬೆನ್ನಿನ ಕಡೆಯಿಂದ ನೋಡಿ, ಹಲ್ಲಿನ ಕಡೆ ಬೇಡ” ಎಂದರು.

ಬೆನ್ನಿನ ಅಂಚು ನುಣುಪಾಗಿರಬೇಕಾದುದು ಜಜ್ಜಿದಂತೆ ಉಬ್ಬಿತ್ತು. ಮುರಿದ ಕಡೆಯಲ್ಲದೆ ಇತರ ಕಡೆಗಳಲ್ಲಿಯೂ ಕೂದಲೆಳೆಯಂತಹ ಬಿರುಕುಗಳು. ಎಲ್ಲವೂ ಬೆನ್ನಿನಿಂದ ಹೊರಟು ಹಲ್ಲಿನ ಕಡೆಗೆ ಹೋಗಿದ್ದುವು. ಹಾಗಾದರೆ ದೋಷ ಬ್ಲೇಡಿನ ಹಿಂದೆ ಇರಬೇಕು. ಕರೆಂಟು ತೆಗೆಸಿ, ನಾವು ನೆನಪಿಟ್ಟುಕೊಳ್ಳಿರೆಂದ ಆ ಸಣ್ಣ ಉರುಳೆಯನ್ನು ನೋಡಿದರೆ, ಮರದ ಅಂಟೂ ಹೊಟ್ಟೂ ಸೇರಿ ಅದು ತಿರುಗದಂತೆ ಕಚ್ಚಿಕೊಂಡಿತ್ತು. ಅದರ ಮುಖದಲ್ಲಿ ಬ್ಲೇಡು ಕೊರೆದ ಆಳವಾದ ಗೀರು. ತಿರುಗುವ ಉರುಳೆಯ ಮೇಲೆ ಬ್ಲೇಡು ಒರಗಿದರೆ ಬಾಧೆಯಿಲ್ಲ. ನಿಂತ ಉರುಳೆಯ ಮೇಲೆ ಉಜ್ಜಿದರೆ ಬೆನ್ನು ಕಾದು, ಪೆಡಸಾಗಿ, ಬಿರುಕು ಬಿಡುತ್ತದೆ. ಆ ಒಂದು ಸಣ್ಣ ಬೇರಿಂಗನ್ನು ಹೊಸದಾಗಿ ಹಾಕಿ, ತಿರುಪಿನ ಬಿಗಿಯನ್ನು ಮೊದಲಿನಂತೆ ಇಳಿಸಿದ ಮೇಲೆ ನಾಲ್ಕನೆಯ ಬ್ಲೇಡು ಅದರ ಹಲ್ಲು ಸವೆಯುವವರೆಗೂ ನಡೆಯಿತು. ಮೂರು ಬ್ಲೇಡುಗಳ ಬೆಲೆಯಾದರೋ ಹೋದದ್ದು ಹೋಯಿತು.

ಮುರಿದ ತುಂಡು ಇನ್ನೂ ಬೇರೆ ಬೇರೆ ಸುದ್ದಿಗಳನ್ನು ಹೇಳಬಲ್ಲುದು. ಬಿರುಕುಗಳು ಹಲ್ಲು ಹಲ್ಲುಗಳ ನಡುವಣ ತಗ್ಗಿನಿಂದ ಹೊರಟಿದ್ದರೆ, ಬಿಗಿ ಅತಿಯಾಗಿರಬಹುದು. ಇಲ್ಲವೆ ಮೊಂಡಾದ ಹಲ್ಲಿನಿಂದ ಬಲವಂತವಾಗಿ ಕೊಯ್ದಿರಬಹುದು. ಇಲ್ಲವೆ ಅಗಲವಾದ ಬ್ಲೇಡನ್ನು ತೀರ ಕಿರಿದಾದ ತಿರುವಿನಲ್ಲಿ ತಿರುಚಿರಬಹುದು. ಹಲ್ಲನ್ನು ಮಸೆಯುವಾಗ ಮೂಲೆ ಚೂಪಾದ ಅರದಿಂದ ತಗ್ಗಿನ ತಳವನ್ನು ಸೀಳಿದರೂ ಬಿರುಕು ಅಲ್ಲಿಂದಲೇ ಮೊದಲಾಗುತ್ತದೆ. ಆ ತಳ ದುಂಡಗಿರಬೇಕು. ಮುರಿದುದು ಸರಿಯಾಗಿ ಬೆಸುಗೆಯ ಪಕ್ಕದಲ್ಲಾದರೆ, ಬೆಸೆದ ಮೇಲೆ ಅದನ್ನು ಹದವಾಗಿ ಮತ್ತೆ ಕಾಯಿಸಿ ಮೆಲ್ಲನೆ ಆರಿಸಲಿಲ್ಲವೆಂದು ತಿಳಿಯಬಹುದು. ಥಟ್ಟನೆ ಆರಿದ ಉಕ್ಕು ಗಾಜಿನಂತೆ ಪೆಡಸು. ದೊಡ್ಡ ಮರದ ಮಿಲ್ಲುಗಳಲ್ಲಿ ಬ್ಲೇಡುಗಳ ಆರೈಕೆಗೆಂದೇ ಇರುವ ಕೆಲಸಗಾರನನ್ನು ‘ಸಾ ಡಾಕ್ಟರ್’ ಎಂದು ಕರೆಯುವುದುಂಟು. ಹೆಸರು ವಿನೋದಕ್ಕೆ ಇಟ್ಟುದಲ್ಲ.

ಬ್ಲೇಡು ಮುರಿದಾಗ ದೊಡ್ಡ ಸದ್ದಾಗುತ್ತದೆ. ಏನಾಯಿತೆಂದು ನೋಡಲು ಕೂಡಲೇ ಬಾಗಿಲು ತೆರೆಯುವುದು ಸ್ವಾಭಾವಿಕ, ಅದೇ ಅಪಾಯ. ಮೋಟಾರು ನಿಲ್ಲಿಸಿದರೂ ಚಕ್ರಗಳು ಬಹಳ ಹೊತ್ತು ತಿರುಗುತ್ತಿರುತ್ತವೆ. ತುಂಡಾದ ಪಟ್ಟಿ ಒಳಗೆ ಎಲ್ಲಿ ಸುತ್ತಿಕೊಂಡಿದೆಯೆಂದು ಯಾರೂ ಹೇಳಲಾರರು. ಚಕ್ರಗಳು ಪೂರ್ತಿ ನಿಂತು, ಗೋಡೆಯ ಸ್ವಿಚ್ಚನ್ನು ಆರಿಸಿ ಸಂಪರ್ಕವನ್ನು ಕಳಚಿದ ತರುವಾಯವೇ ಬಾಗಿಲು ತೆರೆಯತಕ್ಕದ್ದು. ಬಡಗಿಯ ಸಂಪಾದನೆಯೆಲ್ಲ ಹತ್ತು ಬೆರಳುಗಳಲ್ಲಿದೆ.

ಇನ್ನು ಯಂತ್ರ ಹೊರಡದೆಯೇ ನಿಂತ ಸಂದರ್ಭ. ಗುಂಡಿಯೊತ್ತಿದರೆ ಸದ್ದೇ ಇಲ್ಲವಾದರೆ ಫ್ಯೂಸನ್ನೂ, ಹೊಟ್ಟು ತುಂಬಿದ ಸ್ವಿಚ್ಚನ್ನೂ ನೋಡಬೇಕು. ಹೊಸ ಯಂತ್ರಗಳು ಕೆಲವಕ್ಕೆ ಬಾಗಿಲು ಸರಿಯಾಗಿ ಮುಚ್ಚದಿದ್ದರೆ ಹೊರಡದಂತೆ ಒಂದು ಕಾವಲು ಸ್ವಿಚ್ಚಿರುತ್ತದೆ. ಮೋಟಾರು ಬಿಚ್ಚುವ ಮೊದಲು ಬಾಗಿಲನ್ನೊಮ್ಮೆ ಒತ್ತಿ ನೋಡುವುದು ವಿವೇಕ. ಮೋಟಾರು ಗುಂಯ್ಗುಟ್ಟುತ್ತ ತಿರುಗದಿದ್ದರೆ ಒಡನೆಯೇ ಆರಿಸಬೇಕು. ತಡಮಾಡಿದರೆ ಒಳಗಿನ ಸುರುಳಿ ಸುಡುತ್ತದೆ. ಸಂಪರ್ಕ ತಪ್ಪಿಸಿ, ಬೆಲ್ಟು ಕಳಚಿ, ಮೋಟಾರಿನ ಅಚ್ಚನ್ನೂ ಚಕ್ರವನ್ನೂ ಬೇರೆ ಬೇರೆಯಾಗಿ ಕೈಯಿಂದ ತಿರುಗಿಸಿದರೆ ಬಿಗಿ ಯಾವುದರಲ್ಲಿದೆಯೆಂದು ತಿಳಿಯುತ್ತದೆ. ಎರಡೂ ಸಲೀಸಾಗಿ ತಿರುಗಿದರೆ ದೋಷ ಹೆಚ್ಚಾಗಿ ವಿದ್ಯುತ್ತಿನದು: ಸಿಂಗಲ್ ಫೇಸಿನ ಮೋಟಾರಾದರೆ ಕೆಪಾಸಿಟರು, ಮೂರು ಫೇಸಿನದಾದರೆ ಒಂದು ಫೇಸು ಬಾರದಿರುವುದು. ಕೆಪಾಸಿಟರು ಸಂಪರ್ಕ ತಪ್ಪಿದ ಮೇಲೂ ಹೊಡೆಯಬಲ್ಲುದಾದುದರಿಂದ ಅದನ್ನು ಬಲ್ಲವರಿಗೆ ಬಿಡುವುದು ಲೇಸು. ಚಕ್ರಕ್ಕೆ ಕೈಯಿಂದ ಒಂದು ತಳ್ಳು ಕೊಟ್ಟು ಮೋಟಾರನ್ನು ಹೊರಡಿಸುವ ಉಪಾಯವನ್ನು ಕೆಲವರು ಜಾಣತನವೆಂದು ಹೇಳಿಕೊಡುತ್ತಾರೆ. ಅದನ್ನು ಯಾರೂ ಕಲಿಯಬಾರದು.

ಮೂರು ಫೇಸಿನ ಮೋಟಾರು ದುರಸ್ತಿಯಾಗಿ ಬಂದಾಗ ತಂತಿಗಳೆರಡು ಅದಲುಬದಲಾದರೆ ಅದು ಹಿಮ್ಮುಖವಾಗಿ ತಿರುಗುತ್ತದೆ. ಬ್ಲೇಡು ಮರವನ್ನು ಮೇಜಿಗೆ ಒತ್ತುವುದಕ್ಕೆ ಬದಲಾಗಿ ಮೇಲಕ್ಕೆತ್ತಿ ಎಸೆಯುತ್ತದೆ. ಬ್ಲೇಡು ತೊಡಿಸುವ ಮೊದಲೇ ತಿರುಗುವ ದಿಕ್ಕನ್ನು ನೋಡಿಕೊಳ್ಳಬೇಕು.

ಗೆರೆ ಬಿಟ್ಟು ಒಂದೇ ಪಕ್ಕಕ್ಕೆ ಕೊಯ್ಯುವುದು ಮತ್ತೊಂದು ದೂರು. ಇದರಲ್ಲಿ ನಮ್ಮಂತಹ ಗಿರಾಕಿಗಳ ಪಾಲೂ ಉಂಟು. ಹಳೆಯ ಮನೆಯನ್ನು ಕೆಡವಿದಾಗ ತಾತನ ಕಾಲದ ತೇಗದ ತೊಲೆಯನ್ನು ತಂದುಕೊಟ್ಟು, ಇದರಲ್ಲೇ ಮೇಜು ಮಾಡಿಕೊಡಿರೆಂದು ಕೇಳುತ್ತೇವೆ. ಅದರೊಳಗೆ ಹೂತುಹೋದ ಮೊಳೆಯೊಂದು ಬ್ಲೇಡಿನ ಒಂದು ಪಕ್ಕಕ್ಕೆ ತಗುಲಿದರೆ ಆ ಪಕ್ಕದ ಹಲ್ಲುಗಳು ಮೊಂಡಾಗುತ್ತವೆ; ಅಲ್ಲಿಂದ ಬ್ಲೇಡು ಚೂಪಾಗಿ ಉಳಿದ ಪಕ್ಕಕ್ಕೆ ಎಳೆಯತೊಡಗುತ್ತದೆ. ತೊಲೆಯನ್ನು ಕೊಡುವ ಮೊದಲು ಮೊಳೆಗಳಿವೆಯೆಂಬುದನ್ನು ತಿಳಿಸುವುದು ಧರ್ಮ.

ಬ್ಲೇಡು ಚಕ್ರದಿಂದ ಜಾರುತ್ತಿದ್ದರೆ ಅನೇಕರು ಚಕ್ರವನ್ನು ವಾಲಿಸುವ ತಿರುಪಿಗೆ ಕೈಹಾಕುತ್ತಾರೆ. ಮೊದಲು ರಬ್ಬರಿನ ಮೇಲೆ ಗಂಟುಕಟ್ಟಿದ ಹೊಟ್ಟನ್ನು ಕೆರೆದು ತೆಗೆಯಬೇಕು. ರಬ್ಬರು ಸವೆದು ನಡುವೆ ಹಳ್ಳಬಿದ್ದಿದ್ದರೆ ಅದನ್ನು ಬದಲಾಯಿಸಬೇಕು. ಬಳಿಕ ಚಕ್ರವನ್ನು ಕೈಯಿಂದಲೇ ತಿರುಗಿಸುತ್ತ, ಬ್ಲೇಡು ತನ್ನ ಜಾಗದಲ್ಲಿ ನಿಲ್ಲುವವರೆಗೆ ತಿರುಪನ್ನು ಕಾಲು ಸುತ್ತು, ಅರ್ಧ ಸುತ್ತು ಸರಿಪಡಿಸಬೇಕು. ಪಕ್ಕದ ತಡೆಗಳಿಗೂ ಬ್ಲೇಡಿಗೂ ನಡುವೆ ಒಂದು ಕಾಗದ ತೂರುವಷ್ಟು ಸಂದು ಸಾಕು. ಬಾಗಿಲುಗಳನ್ನು ಮುಚ್ಚಿ, ಮರವಿಲ್ಲದೆ ಎರಡು ಮೂರು ನಿಮಿಷ ಓಡಿಸಿ, ಆಮೇಲೆ ಬೇಡವಾದ ಒಂದು ತುಂಡನ್ನು ಕೊಯ್ದು ನೋಡಬೇಕು. ಆಗ ಬೆನ್ನ ಹಿಂದಿನ ಉರುಳೆಯ ಮೇಲೆ ಕಣ್ಣಿಟ್ಟಿರಿ. ಮರವಿಲ್ಲದಾಗ ಅದು ಸುಮ್ಮನಿರಬೇಕು. ಮರವನ್ನು ಒತ್ತಿದಾಗ ತಿರುಗಬೇಕು. ಮರವನ್ನು ತೆಗೆದ ಮೇಲೆ ತಾನಾಗಿ ನಿಲ್ಲಬೇಕು. ಹಾಗೆ ನಿಂತರೆ ಮಂಚದ ಕಾಲನ್ನು ಕೊಯ್ಯಲು ತೊಡಗಬಹುದು.