ಜೇಬಿನಲ್ಲಿ ಬೀಡಿ, ಅದೇ ಜೇಬಿನಲ್ಲಿ ಫೋನು

(ಉಪನ್ಯಾಸದ ಪಠ್ಯ)



ತಂಬಾಕಿಗೆ ಕನ್ನಡದಲ್ಲಿ ಹೊಗೆಸೊಪ್ಪು ಎಂಬ ಹೆಸರು. ಆದರೆ ಶಿರಸಿ, ಸಿದ್ದಾಪುರ, ಯಲ್ಲಾಪುರದ ಸೀಮೆಯಲ್ಲಿ ಈ ಸೊಪ್ಪು ಹೊಗೆಯಾಗಿ ಮಾತ್ರವಲ್ಲ, ಕವಳವಾಗಿಯೂ ಒಳಹೊಕ್ಕಿದೆ. ಮನೆಗೆ ಬಂದವರ ಮುಂದೆ ಕವಳದ ಬಟ್ಟಲು ಇಡದಿದ್ದರೆ ಅದೆಂಥ ಆದರ? ವೀಳ್ಯದೆಲೆ, ಅಡಿಕೆ, ಸುಣ್ಣ ಈ ನೆಲದಲ್ಲಿ ಬಹಳ ಹಳೆಯವು. ತಂಬಾಕು ಮಾತ್ರ ಪೋರ್ತುಗೀಸರ ಕಾಲದಲ್ಲಿ ಹಡಗು ಹತ್ತಿ ಬಂದ ಅತಿಥಿ. ಬಂದ ಅತಿಥಿ ಮನೆಯವನೇ ಆಗಿ ಕುಳಿತ.

ಬೀಡಿ, ಸಿಗರೇಟಿಗೆ ಇಲ್ಲಿ ಬೇರೆ ಹೊತ್ತುಗಳಿವೆ. ತೋಟದ ಕೆಲಸದ ನಡುವೆ ಒಂದು, ಬಸ್ಸಿಗೆ ಕಾಯುವಾಗ ಒಂದು, ಬೆಳತನಕ ನಡೆಯುವ ಯಕ್ಷಗಾನದಲ್ಲಿ ನಿದ್ದೆ ತಡೆಯಲು ಇನ್ನೊಂದು. ಎಳೆದ ಹೊಗೆಯ ನಿಕೋಟಿನ್ ಕೆಲವೇ ಸೆಕೆಂಡುಗಳಲ್ಲಿ ಮಿದುಳು ಮುಟ್ಟುತ್ತದೆ. ಬಿಡಲು ಹೊರಟವನಿಗೆ ತಲಬು ಏಳುವುದೂ ಅಷ್ಟೇ ಹಠಾತ್ತಾಗಿ. ಆದರೆ ಒಂದೊಂದು ಸಲದ ತಲಬು ಸಾಮಾನ್ಯವಾಗಿ ಕೆಲವು ನಿಮಿಷಗಳದ್ದು. ಅಷ್ಟು ಹೊತ್ತು ಕಳೆದರೆ ಇಳಿಯುತ್ತದೆ. ಕಷ್ಟವಿರುವುದು ಆ ಕೆಲವು ನಿಮಿಷಗಳಲ್ಲೇ. ರಾತ್ರಿ ಎರಡು ಗಂಟೆಗೆ ಆಟದ ಬಯಲಿನಲ್ಲಿ ತಲಬು ಎದ್ದರೆ ವೈದ್ಯರು ಎಲ್ಲಿ? ಜಿಲ್ಲಾ ಕೇಂದ್ರವಾದ ಕಾರವಾರ ಶಿರಸಿಯಿಂದ ನೂರಕ್ಕೂ ಹೆಚ್ಚು ಕಿಲೋಮೀಟರ್. ಫೋನು ಮಾತ್ರ ಬೀಡಿಯ ಪಕ್ಕದಲ್ಲೇ, ಅದೇ ಜೇಬಿನಲ್ಲಿದೆ.

ಈ ಸರಳ ಸಂಗತಿಯನ್ನು ಮೊದಲು ಪರೀಕ್ಷಿಸಿದವರಲ್ಲಿ ನ್ಯೂಜಿಲೆಂಡಿನವರು ಮುಖ್ಯರು. 2005ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ 1,705 ಧೂಮಪಾನಿಗಳಿದ್ದರು. ಬ್ರಿಟನ್ನಿನ 2011ರ ಅಧ್ಯಯನ ಇನ್ನೂ ದೊಡ್ಡದು. ಅದರಲ್ಲಿ ಸುಮಾರು 5,800 ಜನ. ತಲಬು ಎದ್ದಾಗ ಒಂದೇ ಒಂದು ಪದ ಕಳುಹಿಸಿದರೆ ಸಾಕು, ಆ ಗಳಿಗೆಗೆ ಬೇಕಾದ ಮಾತು ಉತ್ತರವಾಗಿ ಬರುತ್ತಿತ್ತು. ಸೋತು ಸೇದಿದವನಿಗೆ ಬೇರೊಂದು ಪದ, ಬೇರೆ ಉತ್ತರ. ಆರು ತಿಂಗಳ ನಂತರ ಜೊಲ್ಲಿನ ಪರೀಕ್ಷೆಯಿಂದಲೂ ಖಚಿತಪಡಿಸಿಕೊಂಡಾಗ, ಇಂಥ ಸಂದೇಶ ಪಡೆದವರಲ್ಲಿ ಶೇ 10.7 ಮಂದಿ ಬಿಟ್ಟಿದ್ದರು. ಪಡೆಯದವರಲ್ಲಿ ಶೇ 4.9. ನೂರಕ್ಕೆ ಹನ್ನೊಂದು ಎಂದರೆ ಏನು ಮಹಾ ಎನ್ನಬಹುದು. ಆದರೆ ಖರ್ಚು ಎಷ್ಟು ಎಂದೂ ನೋಡಬೇಕಲ್ಲ!

ಭಾರತದಲ್ಲಿ ಕೇಂದ್ರ ಸರ್ಕಾರ ವಿಶ್ವ ಆರೋಗ್ಯ ಸಂಸ್ಥೆಯ ಜೊತೆಗೂಡಿ, ಮಿಸ್ಡ್ ಕಾಲ್ ಕೊಟ್ಟರೆ ಸಂದೇಶ ಬರುವ ಯೋಜನೆಯನ್ನು 2016ರ ಸುಮಾರಿಗೆ ಆರಂಭಿಸಿತು. ಒಂದೇ ವರ್ಷದಲ್ಲಿ 20 ಲಕ್ಷಕ್ಕೂ ಹೆಚ್ಚು ಜನ ಹೆಸರು ನೋಂದಾಯಿಸಿದರು. ಆದರೆ ಆರಂಭದ ಸಂದೇಶಗಳು ಇಂಗ್ಲಿಷ್ ಮತ್ತು ಹಿಂದಿಯಲ್ಲಿ. ಸಿದ್ದಾಪುರದ ಕೂಲಿಯವನಿಗೆ ತಲಬಿನ ಹೊತ್ತಿನಲ್ಲಿ ಹಿಂದಿ ಸಂದೇಶ ಬಂದರೆ ಅವನು ಓದುವನೋ, ಬೀಡಿ ಹಚ್ಚುವನೋ?

ಕನ್ನಡದ ದಾರಿ ತೆರೆದದ್ದು 2018ರಲ್ಲಿ. ತಂಬಾಕು ಬಿಡಿಸುವ ಉಚಿತ ದೂರವಾಣಿ 1800-11-2356ರ ಪ್ರಾದೇಶಿಕ ಕೇಂದ್ರ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಆರಂಭವಾಯಿತು. ಅದೇ ಸೆಪ್ಟೆಂಬರ್‌ನಿಂದ ಆ ಸಂಖ್ಯೆ ತಂಬಾಕು ಪೊಟ್ಟಣಗಳ ಮೇಲೂ ಅಚ್ಚಾಯಿತು. ಇಲ್ಲೊಂದು ತಮಾಷೆಯಿದೆ. ಗೂಡಂಗಡಿಯಲ್ಲಿ ಒಂದೇ ಸಿಗರೇಟು ಕೊಂಡು, ತೂಗುಹಾಕಿದ ಹಗ್ಗದ ಕಿಡಿಯಲ್ಲಿ ಹಚ್ಚಿಕೊಳ್ಳುವವನು ಪೊಟ್ಟಣವನ್ನು ನೋಡುವುದೇ ಇಲ್ಲ. ಬಿಡಿ ಮಾರಾಟವನ್ನು ರಾಜ್ಯ ಸರ್ಕಾರ 2017ರಲ್ಲಿಯೇ ನಿಷೇಧಿಸಿತು. ನಿಷೇಧ ಗೂಡಂಗಡಿಯವರೆಗೆ ತಲುಪಬೇಕು, ಅಷ್ಟೆ.

ಈ ಸೀಮೆಗೆ ಇನ್ನೂ ಎರಡು ತೊಡಕುಗಳಿವೆ. ಕಾಡಿನ ನಡುವಿನ ಎಷ್ಟೋ ಮನೆಗಳಲ್ಲಿ ಸಿಗ್ನಲ್ ಸಿಗಲು ಗುಡ್ಡ ಹತ್ತಬೇಕು. ಸಂದೇಶ ಕಾದಿದ್ದು ಸಿಗ್ನಲ್ ಬಂದಾಗ ತಲುಪುತ್ತದೆ ನಿಜ. ಅಷ್ಟರಲ್ಲಿ ತಲಬು ತನ್ನ ಕೆಲಸ ಮುಗಿಸಿರುತ್ತದೆ.

ಎರಡನೆಯದು ಕವಳ. 2016–17ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ವಯಸ್ಕರಲ್ಲಿ ಸೇದುವವರು ಶೇ 8.8, ಹೊಗೆರಹಿತ ತಂಬಾಕು ಬಳಸುವವರು ಶೇ 16.3. ಬೀಡಿ ಬಿಟ್ಟವನು ಕವಳಕ್ಕೆ ಇನ್ನೊಂದೆಸಳು ತಂಬಾಕು ಹೆಚ್ಚಿಸಿದರೆ ನಿಕೋಟಿನ್ ಬಾಗಿಲು ಬದಲಿಸಿತಷ್ಟೆ. ಸಿಗರೇಟಿನ ಲೆಕ್ಕ ಮಾತ್ರ ಕೇಳುವ ಸಂದೇಶ ಇಲ್ಲಿ ಅರ್ಧ ಸಂದೇಶ. ತಂಬಾಕಿಲ್ಲದ ಅಡಿಕೆಯೂ ಕ್ಯಾನ್ಸರ್‌ಕಾರಕವೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರ ವರದಿಯಲ್ಲಿ ಹೇಳಿತು. ಅಡಿಕೆಯೇ ಅನ್ನವಾದ ಊರಿನಲ್ಲಿ ಈ ಮಾತು ಆಡುವುದು ಸುಲಭವಲ್ಲ. ಅದಕ್ಕೇ ಇಲ್ಲಿನ ಮನೆಗಳಲ್ಲಿ ತಂಬಾಕಿನ ಮಾತೂ ಅರ್ಧಕ್ಕೇ ನಿಂತುಬಿಡುತ್ತದೆ.

ಇದಕ್ಕೆಲ್ಲ ಸ್ಮಾರ್ಟ್‌ಫೋನು ಬೇಕಿಲ್ಲ. ಗುಂಡಿ ಒತ್ತುವ ಹಳೆಯ ಫೋನಿದ್ದರೂ ಆದೀತು, ಕರೆಗೆ ಹಣವಿಲ್ಲ. ಇಂಥ ಸಲಹೆಗಾರರು ಸಾಮಾನ್ಯವಾಗಿ ಮೊದಲು ಕೇಳುವುದು ಎರಡು ಪ್ರಶ್ನೆ: ದಿನಕ್ಕೆ ಎಷ್ಟು ಸೇದುತ್ತೀರಿ, ಬೆಳಿಗ್ಗೆ ಎದ್ದ ಎಷ್ಟು ಹೊತ್ತಿಗೆ ಮೊದಲನೆಯದು? ಶಿರಸಿಯಿಂದ ಕರೆ ಮಾಡುವವರು ಕೇಳದಿದ್ದರೂ ಕವಳದ ಲೆಕ್ಕವನ್ನು ಆಗಲೇ ಹೇಳಿಬಿಡುವುದು ಒಳ್ಳೆಯದು.